ಒಂದೇ ಇಂಗ್ಲಿಷ್ ಶಬ್ದ ಕಟ್ಟಿಕೊಂಡು ಕನ್ಯಾ ನೋಡಾಕ ಹೋದದ್ದು

ಒಂದೇ ಊರಲ್ಲಿ ಬೇರು ಬಿಟ್ಟು ಕೂತವರಿಗೆ ವರ್ಷಕ್ಕೊಮ್ಮೆ ನಗುವಂಥದ್ದು ಏನಾದರೂ ಆಗಬಹುದು. ನನ್ನಂಥ ತಿರುಗಾಲ ತಿಪ್ಪನಿಗೆ ಚಹಾ ಕುಡಿಯಲು ಗಾಡಿ ನಿಲ್ಲಿಸಿದಲ್ಲೆಲ್ಲ ಆಗುತ್ತದೆ. ಏಳನೇ ಇಯತ್ತೆಯ ನಡುವೆ ಸಾಲಿ ಬಿಟ್ಟು ಲಾರಿ ಕ್ಲೀನರ್ ಆದೆ, ಮೆಣಸಿನಕಾಯಿ ಚೀಲ ಹೊತ್ತೆ, ರಾಶಿ ಮಷೀನಿನ ಹಿಂದೆ ಬಳ್ಳಾರಿ ತನಕ ಹೋಗಿ ಬಂದೆ. ಈಗ ಬಾಡಿಗೆ ಜೀಪು ಹೊಡೆಯುತ್ತೇನೆ. ಕಪ್ಪತಗುಡ್ಡದ ಕಡೆ ಗಾಳಿಯಿಂದ ಕರೆಂಟ್ ತೆಗೆಯುವ ದೊಡ್ಡ ಫ್ಯಾನುಗಳನ್ನು ನೋಡಲು ಬರುವ ಇಂಜಿನಿಯರ್ ಸಾಹೇಬರನ್ನು ಗದಗ ಸ್ಟೇಷನ್ನಿನಿಂದ ಹತ್ತಿಸಿಕೊಂಡು ಹೋಗುವುದು ನನ್ನ ಕೆಲಸ.

ಇದೆಲ್ಲ ನನಗೆ ಆರಾಮ. ಕಷ್ಟ ಆಗಿದ್ದು ಕನ್ಯಾ ಕೇಳಲು ಹೋದಾಗ. ಹೋದ ಮನೆಯವರೆಲ್ಲ ಒಂದೇ ರಾಗ ಹಾಡಿದರು: "ಹುಡುಗ ಛಲೋ ಅದಾನ್ರಿ. ಆದ್ರ ಸಾಲಿ ಕಲ್ತಿಲ್ಲ, ಒಂದ ಕಡೆ ನಿಲ್ಲಂಗಿಲ್ಲ." ನನಗೆ ತಾಯಿ ಇಲ್ಲ. ಬೆಟಗೇರಿಯಲ್ಲಿರುವ ಅಕ್ಕನೇ ಎಲ್ಲ. ಹೀಗೆ ಇನ್ನೊಂದು ಮನೆಯವರೂ ಒಲ್ಲೆವು ಎಂದ ಮೇಲೆ ಆಕೆ ಸಿಟ್ಟಿಗೆದ್ದಳು.

"ನಿನ್ನ ಕಾಲು ಕಟ್ಟಾಕ ನನ್ನ ಕೈಲೆ ಆಗಂಗಿಲ್ಲ. ನಾಕು ಇಂಗ್ಲಿಷ್ ಮಾತರ ಕಲಿಯೋ, ಸಾಲಿ ಕಲ್ತಂಗ ಕಾಣಸ್ತಿ. ಇಲ್ಲಂದ್ರ ಆ ಜೀಪಿಗೇ ತಾಳಿ ಕಟ್ಟು."

ನಾಲ್ಕು ಕಲಿಯುವುದು ಆಗಲಿಲ್ಲ. ಒಂದು ಕಲಿತೆ.

ಡೋಣಿ ದಾರಿಯ ಪಾಠ

ಮೈಸೂರು ಕಡೆಯ ಇಂಜಿನಿಯರೊಬ್ಬರು ಹಿಂದಿನ ಸೀಟಿನಲ್ಲಿದ್ದರು. ಡೋಣಿ ಹತ್ತಿರ ಹಸಿವಾಗಿ, ಹೊಟೇಲಿನಲ್ಲಿ ಕಟ್ಟಿಸಿಕೊಂಡು ಬಂದ ಪೊಟ್ಟಣ ಬಿಚ್ಚಿದರು. ಹಿಂದಿನ ದಿನದ ಪಲ್ಯ ಇರಬೇಕು, ನೂಲು ನೂಲು ಎಳೆ ಬರುತ್ತಿತ್ತು. ಮೂಗು ಮುಚ್ಚಿಕೊಂಡು, "ಡಿಸ್ಗಸ್ಟಿಂಗ್!" ಎಂದು ಕಿಟಕಿಯಿಂದ ಹೊರಗೆ ಒಗೆದರು.

ಆ ಶಬ್ದ ನನಗೆ ಬಹಳ ಸೇರಿತು. ಬಾಯಿ ತುಂಬುವಂಥದ್ದು, ನಡುವೆ ಉಗುಳಿದಂತೆ ಒಂದು ಜೋರು ಬೇರೆ. "ಸಾಹೇಬ್ರ, ಹಂಗಂದ್ರೇನ್ರಿ?" ಎಂದೆ.

"ಅಸಹ್ಯ ಅಂತ ಕಣಯ್ಯ. ಆದ್ರೆ ಸುಮ್ನೆ ಎಲ್ಲದಕ್ಕೂ ಹೇಳೋ ಹಾಗಿಲ್ಲ. ಕಂಡ್ರೆ ಹೊಟ್ಟೆಯೊಳಗಿಂದ ವಾಕರಿಕೆ ಬರಬೇಕು, ಅಂಥದ್ದಕ್ಕೆ ಮಾತ್ರ. ದಿಸ್ ಈಸ್ ಡಿಸ್ಗಸ್ಟಿಂಗ್ ಅಂತ ಪೂರ್ತಿ ಹೇಳು."

ನಾನು ರೂಢಿ ಮಾಡಲು ಶುರು ಮಾಡಿದೆ. "ಈ ರೋಡ್ ಡಿಸ್ಗಸ್ಟಿಂಗ್ ಏನ್ರಿ?"

"ಅಲ್ಲ. ರೋಡ್ ಬರೀ ಬ್ಯಾಡ್."

"ಬಿಸಲು?"

"ಬಿಸಿಲು ಹಾಟ್. ಬೈಸ್ಕೊಳ್ಳೋ ತಪ್ಪು ಅದೇನು ಮಾಡಿದೆ?"

"ಹಂಗಾದ್ರ ಈ ನಮ್ಮ ಜೀಪು?"

ಹಿಂದಿನ ದಿನ ಮುಂಡರಗಿ ಸಂತೆಗೆ ನಾನು ಅದೇ ಸೀಟಿನಲ್ಲಿ ಎರಡು ಹೋತ ಒಯ್ದಿದ್ದೆ. ಸಾಹೇಬರು ಬಗ್ಗಿ ಸೀಟು ಮೂಸಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ತೆಗೆದುಕೊಂಡರು. ಆಮೇಲೆ ನನ್ನ ಬೆನ್ನು ತಟ್ಟಿ ಅಂದರು:

"ಶಭಾಷ್. ಈಗ ನಿನಗೆ ಸರಿಯಾಗಿ ಅರ್ಥ ಆಯ್ತು."

ಖಾನಾವಳಿಯ ಬಟ್ಟೆ

ಕಲಿತದ್ದನ್ನು ಎಲ್ಲಿಯಾದರೂ ಆಡಿ ನೋಡಬೇಕಲ್ಲ. ಗದಗಿನಲ್ಲಿ ನಾನು ಯಾವಾಗಲೂ ಉಣ್ಣುವ ಖಾನಾವಳಿಗೆ ಹೋದೆ. ಮಾಲಕರು ರೊಟ್ಟಿಯಷ್ಟೇ ದೊಡ್ಡ ಮನಸ್ಸಿನವರು. ಆದರೆ ಅವರ ಕೈಯಲ್ಲಿ ಒಂದು ಬಟ್ಟೆ ಇರುತ್ತದೆ. ಅದರಿಂದಲೇ ಟೇಬಲ್ ಒರೆಸುತ್ತಾರೆ, ಅದರಿಂದಲೇ ಬಿಸಿ ತವಾ ಹಿಡಿಯುತ್ತಾರೆ, ಸೆಕೆಯಾದರೆ ಕುತ್ತಿಗೆಗೂ ಅದೇ. ಅವತ್ತು ಅದರಿಂದ ನನ್ನ ತಾಟು ಒರೆಸಲು ಬಂದರು. ಸಮಯ ಸಿಕ್ಕಿತು ಎಂದು ನಾನು ಗಟ್ಟಿಯಾಗಿ, "ಕಾಕಾ, ದಿಸ್ ಈಸ್ ಡಿಸ್ಗಸ್ಟಿಂಗ್" ಎಂದೆ.

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಾಕಾ ಕೇಳಿದರು, "ಅಂದ್ರ?"

ನಾನು ಸಾಹೇಬರು ಹೇಳಿದಂತೆಯೇ ಹೇಳಿದೆ. ವಾಕರಿಕೆ, ಹೊಟ್ಟೆ, ಎಲ್ಲ. ಹೊರಗೆ ದಬ್ಬುತ್ತಾರೆ ಎಂದು ಒಂದು ಕಾಲು ಬೆಂಚಿನಿಂದ ಹೊರಗೇ ಇಟ್ಟುಕೊಂಡಿದ್ದೆ. ಕಾಕಾ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಖರೆ ಐತೆಪಾ. ಕನ್ನಡದಾಗ ಬಾಳ ಮಂದಿ ಹೇಳಿದ್ರು, ನಾ ಕಿವಿಗೆ ಹಾಕ್ಕೊಂಡಿದ್ದಿಲ್ಲ. ಇಂಗ್ಲಿಷಿನ್ಯಾಗ ಹೇಳಿದಿ ಅಂದ್ರ ಮಾತು ದೊಡ್ಡದೈತಿ."

ಆ ಬಟ್ಟೆಯನ್ನು ಮೂಲೆಗೆ ಒಗೆದರು. ನನಗೆ ಎಷ್ಟು ಹಿಗ್ಗಾಯಿತು! ಕಾಕಾ ತಮ್ಮ ತಲೆಗೆ ಬೆಳಗಿನಿಂದ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ, ಬೆವರು ಹಿಂಡಿ, ನನ್ನ ತಾಟನ್ನು ಪ್ರೀತಿಯಿಂದ ಒರೆಸಿದರು.

"ಇಂಗ್ಲಿಷ್ ಬಲ್ಲ ಮಂದಿಗೆ ಬ್ಯಾರೆ ಬಟ್ಟಿ. ಉಣ್ಣು."

ಅಕ್ಕನ ಮನೆಯಲ್ಲಿ

ಬೆಟಗೇರಿಯಲ್ಲಿ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಬಹಳ ಸಮಾಧಾನದ ಮನುಷ್ಯ. ಊಟಕ್ಕೆ ಮುಂಚೆ ಸ್ಕೂಟರ್ ಕೀಲಿಯಿಂದ ಕಿವಿ ಕೆರೆದುಕೊಳ್ಳುವುದು ಅವರ ಪದ್ಧತಿ. ಕಣ್ಣು ಅರ್ಧ ಮುಚ್ಚಿ, ತಂಬೂರಿ ಶ್ರುತಿ ಮಾಡಿದಂತೆ ಮಾಡುತ್ತಾರೆ. ಆಮೇಲೆ ಅದೇ ಕೀಲಿಯಿಂದ ಉಪ್ಪಿನ ಪಾಕೀಟು ಹರಿದು ಅಕ್ಕನ ಕೈಗೆ ಕೊಡುತ್ತಾರೆ.

"ಮಾಮಾ, ದಿಸ್ ಈಸ್ ಡಿಸ್ಗಸ್ಟಿಂಗ್" ಎಂದೆ.

ಅಕ್ಕನಿಗೆ ನಾನು ಇಂಗ್ಲಿಷ್ ಮಾತಾಡಿದ್ದೇ ಸಂತೋಷ. ಅರ್ಥ ಕೇಳಿದಳು, ಹೇಳಿದೆ. ಆಕೆಯ ಮುಖ ಹಬ್ಬದ ದಿನದಂತೆ ಅರಳಿತು. "ಯಪ್ಪಾ! ಮದುವಿ ಆದಾಗಿಂದ ಈ ಮಾತು ಹುಡಕಾಕ ಹತ್ತೇನಲೇ ನಾ!"

ಅವತ್ತಿಡೀ ಆಕೆ ನಿಲ್ಲಲಿಲ್ಲ. ಮಾಮಾ ಸಾಕ್ಸ್ ತೆಗೆದರೆ ಡಿಸ್ಗಸ್ಟಿಂಗ್. ಚಹಾದ ಬಸಿಯಲ್ಲಿ ಬೀಡಿ ಆರಿಸಿದರೆ ಡಿಸ್ಗಸ್ಟಿಂಗ್. ಸಾಹೇಬರು ಇದ್ದಿದ್ದರೆ ಒಂದನ್ನೂ ತಪ್ಪು ಅನ್ನುತ್ತಿರಲಿಲ್ಲ. ಸಂಜೆ ಮಾಮಾ ನನ್ನನ್ನು ಹೊರಗೆ ಕಟ್ಟೆಗೆ ಕರೆದು ಕೂರಿಸಿಕೊಂಡು ಅಕ್ಕನಿಗೆ ಕೇಳುವಂತೆ ಅಂದರು:

"ಇವಗ ಜಲ್ದಿ ಕನ್ಯಾ ನೋಡರ್ರೆಪಾ. ದಿನಾ ಹಿಂಗ ಅನ್ನಾಕ ಒಬ್ಬಾಕಿ ಇವಗೂ ಬರ್ಲಿ."

ಶಿರಹಟ್ಟಿಯ ಹಿರಿಯರು

ಮದುವೆ ಕೂಡಿಸುವ ಹಿರಿಯರೊಬ್ಬರು ಶಿರಹಟ್ಟಿಯಲ್ಲಿದ್ದಾರೆ. ಅಕ್ಕ ಅವರ ಮುಂದೆ ನನ್ನನ್ನು ನಿಲ್ಲಿಸಿ, "ತಮ್ಮಗ ಇಂಗ್ಲಿಷ್ ಬರ್ತೈತ್ರಿ" ಎಂದಳು.

"ಎಷ್ಟು ಬರ್ತೈತಿ?"

ನಾನು ಖರೆ ಹೇಳಿದೆ. "ಒಂದ ಮಾತು ಬರ್ತೈತ್ರಿ ಅಜ್ಜಾರ."

ಅಜ್ಜನವರು ಎಲೆ ಅಡಿಕೆ ಮೆಲ್ಲುತ್ತ ಯೋಚಿಸಿದರು. "ಸಾಕು. ಹೋದ ವರ್ಷ ಒಬ್ಬಾಂವಗ ಒಂದ ಎಮ್ಮಿ ಇತ್ತು. ನಾ ಡೈರಿ ಐತಿ ಅಂತ ಹೇಳಿ ಮದುವಿ ಮಾಡಿಸೀನಿ."

ಹಮ್ಮಿಗಿಯ ಹಾಲು

ಅಜ್ಜನವರು ತೋರಿಸಿದ ಮನೆ ಹಮ್ಮಿಗಿಯಲ್ಲಿತ್ತು. ಹೊಳೆ ದಂಡೆಯ ಹೊಲ, ಹಿತ್ತಲಲ್ಲಿ ಮೈತುಂಬಿದ ಎಮ್ಮೆಗಳು. ಹುಡುಗಿ ಮುಂಡರಗಿಯ ಒಂದು ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳಂತೆ. ಅದು ನನಗೆ ಜಮಖಾನೆ ಮೇಲೆ ಕೂತ ಮೇಲೆ ತಿಳಿಯಿತು. ಎದ್ದು ಹೋಗಲು ಬರುವಂತಿರಲಿಲ್ಲ. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮಾಮಾ.

ಹುಡುಗಿ ಬಂದು ಎದುರಿಗೆ ಕೂತಳು. ತಲೆ ತಗ್ಗಿಸಲಿಲ್ಲ. ನನ್ನನ್ನು ನೆಟ್ಟಗೆ ನೋಡಿದಳು, ನಗು ತುಟಿ ಒಳಗೆ ಇಟ್ಟುಕೊಂಡು. ಒಂದು ಕಡೆ ನಿಲ್ಲದ ನನ್ನ ಕಾಲು ಅಲ್ಲೇ ಜಮಖಾನೆಗೆ ಅಂಟಿಕೊಂಡಿತು. ಆಗುವುದಾದರೆ ಈಕೆಯೇ ಆಗಬೇಕು ಅನ್ನಿಸಿತು.

ಅಷ್ಟರಲ್ಲಿ ಹುಡುಗಿಯ ಅವ್ವ ಹಾಲು ತಂದರು. ತಂಬಿಗೆಯಷ್ಟು ದೊಡ್ಡ ಸ್ಟೀಲ್ ಗ್ಲಾಸು, ಮೇಲೆ ಬೆರಳು ದಪ್ಪದ ಕೆನೆ. ಆ ಮನೆಯ ಪದ್ಧತಿಯನ್ನು ಅಜ್ಜನವರು ದಾರಿಯಲ್ಲೇ ಹೇಳಿದ್ದರು: ಮನೆಗೆ ದೊಡ್ಡವರು ಬಂದರೆ ಬೇರೆ ಪಾತ್ರೆಯ ಕೆನೆಯನ್ನೂ ತೆಗೆದು ಅವರ ಗ್ಲಾಸಿಗೆ ಹಾಕುತ್ತಾರೆ. ಕನ್ಯಾ ನೋಡಲು ಬಂದ ಹುಡುಗ ಅದನ್ನು ಪೂರಾ ಕುಡಿದರೆ ಹುಡುಗಿ ಒಪ್ಪಿಗೆ. ಗ್ಲಾಸಿನಲ್ಲಿ ಉಳಿಸಿದರೆ ಒಲ್ಲೆ ಎಂದ ಹಾಗೆ. ಬಾಯಿಂದ ಏನೂ ಹೇಳಬೇಕಾಗಿಲ್ಲ.

ನನಗೋ ಹುಟ್ಟಿದಾಗಿನಿಂದ ಕೆನೆ ಕಂಡರೆ ಆಗುವುದಿಲ್ಲ. ಊದಿ ಆ ಕಡೆ ಸರಿಸಿದೆ. ಅದು ಸುತ್ತು ಹಾಕಿ ಈ ಕಡೆಯಿಂದ ಬಂದು ತುಟಿಗೆ ಅಂಟಿತು. ಒಂದು ಗುಟುಕು ನುಂಗಿದೆ. ಕಣ್ಣಲ್ಲಿ ನೀರು ಬಂತು.

ಹುಡುಗಿಯ ಅಪ್ಪ ಅದೇ ಹೊತ್ತಿಗೆ ಅಂದರು, "ನಿಮಗ ಇಂಗ್ಲಿಷ್ ಬಾಳ ಬರ್ತೈತಿ ಅಂತ ಹಿರ್ಯಾರು ಹೇಳ್ಯಾರ. ಏ ಯವ್ವಾ, ಏನರ ಒಂದು ಕೇಳು, ನಾವೂ ಕೇಳೂಣು."

ಹುಡುಗಿ ನನ್ನ ಮುಖ ನೋಡಿದಳು, ಗ್ಲಾಸು ನೋಡಿದಳು. ಮೆಲ್ಲಗೆ ಕೇಳಿದಳು, "ಹೌ ಈಸ್ ದ ಮಿಲ್ಕ್?"

ಮಿಲ್ಕ್ ಅಂದರೆ ಹಾಲು, ಇಷ್ಟು ಗೊತ್ತಿತ್ತು. ಉತ್ತರಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಅದನ್ನು ಎಲ್ಲಿ ಬೇಕಾದಲ್ಲಿ ಆಡಬಾರದು, ಹೊಟ್ಟೆಯೊಳಗಿಂದ ಬಂದರೆ ಮಾತ್ರ ಆಡಬೇಕು. ಬರುತ್ತಲೇ ಇತ್ತು.

"ದಿಸ್ ಈಸ್ ಡಿಸ್ಗಸ್ಟಿಂಗ್" ಎಂದೆ.

ಅಕ್ಕನಿಗೆ ಕೆಮ್ಮು ಹತ್ತಿತು. ಮಾಮಾ ಮೇಲಿನ ಜಂತಿ ಎಣಿಸಲು ಶುರು ಮಾಡಿದರು. ಅರ್ಥ ಗೊತ್ತಿದ್ದವರು ಅವರಿಬ್ಬರು, ನಾನು, ಮತ್ತೆ ಆಕೆ. ಹುಡುಗಿಯ ಅಪ್ಪ, ಅವ್ವ, ಅಜ್ಜನವರು ಮೂವರೂ ಆಕೆಯ ಬಾಯಿ ನೋಡುತ್ತ ಕೂತರು. ಅವ್ವ ಕೇಳಿಯೇಬಿಟ್ಟರು, "ಏನಂದ್ರ ಯವ್ವಾ?"

ಮುಗಿಯಿತು, ಜೀಪಿಗೇ ತಾಳಿ, ಅಂದುಕೊಂಡೆ.

ಆಕೆ ಅವ್ವನ ಕಡೆ ತಿರುಗಿ ಅಂದಳು: "ಇಂಥ ಹಾಲು ಎಲ್ಲೂ ಕುಡದಿದ್ದಿಲ್ಲ ಅಂತಾರವ್ವಾ. ಇನ್ನೊಂದು ಗ್ಲಾಸ್ ಸಿಕ್ರ ಕುಡಿತಾರಂತ."

ಅವ್ವ ಒಳಗೆ ಓಡಿದರು. ಎರಡನೇ ಗ್ಲಾಸಿನಲ್ಲಿ ಹಾಲು ಕಾಣಲೇ ಇಲ್ಲ, ಬರೀ ಕೆನೆ, ಮೇಲೆ ಸಕ್ಕರೆ. ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಮೊದಲಿನದನ್ನೂ ಕುಡಿದೆ, ಅದನ್ನೂ ಕುಡಿದೆ, ತಳದ ಸಕ್ಕರೆಯನ್ನೂ ಬಿಡಲಿಲ್ಲ. ಬರಿದಾದ ಗ್ಲಾಸು ಬೋರಲು ಹಾಕಿದ್ದು ನೋಡಿ ಅಜ್ಜನವರು, "ಆತು, ಹುಡುಗ ಒಪ್ಪ್ಯಾನ" ಎಂದರು. ಆಕೆ, "ನಾನೂ" ಎಂದಳು.

ಮದುವೆಯಾದ ಮೇಲೆ ಕೇಳಿದೆ, "ಅಲ್ಲ, ಒಂದು ಗ್ಲಾಸಿಗೇ ಸಾಯಾಕ ಬಂದಿದ್ದೆ, ಎರಡನೇದ್ದು ಯಾಕ ಕುಡಿಸಿದಿ?"

"ನಮ್ಮ ಸಾಲ್ಯಾಗ ಸರಿ ಉತ್ತರ ಹೇಳಿದವರಿಗೆ ಏನರ ಬಕ್ಷೀಸು ಕೊಡ್ತೀವ್ರಿ" ಎಂದಳು.

ಈಗ ನಾವು ಮುಂಡರಗಿಯಲ್ಲಿ ಮನೆ ಮಾಡಿದ್ದೇವೆ. ಆಕೆ ಸಾಲಿಗೆ ಹೋಗುತ್ತಾಳೆ, ನಾನು ಎಲ್ಲಿ ಬೇಕಾದಲ್ಲಿ ತಿರುಗಿ ಸಂಜೆಗೆ ಮನೆ ಸೇರುತ್ತೇನೆ. ಯಾವ ತಕರಾರೂ ಇಲ್ಲ. ಹಮ್ಮಿಗಿಗೆ ಹೋದಾಗ ಮಾತ್ರ ಸ್ವಲ್ಪ ತ್ರಾಸು. ಅತ್ತೆಯವರಿಗೆ ಇಂಗ್ಲಿಷಿನಲ್ಲಿ ಬರುವುದೂ ಒಂದೇ ಶಬ್ದ, ಅವತ್ತು ಅಳಿಯನ ಬಾಯಿಂದ ಕಲಿತದ್ದು. ನನ್ನ ಜೀಪಿನ ಸಪ್ಪಳ ಕೇಳಿದರೆ ಸಾಕು, ಗ್ಲಾಸು ಹಿಡಿದು ಬಾಗಿಲಿಗೆ ಬರುತ್ತಾರೆ. ಓಣಿಯವರಿಗೆಲ್ಲ ಕೇಳುವಂತೆ ಅನ್ನುತ್ತಾರೆ:

"ಬರ್ರಿ ಅಳಿಯಾರ, ಕುಂಡ್ರಿ! ಎಮ್ಮಿ ಹೊಸದಾಗಿ ಈದೈತಿ, ಈ ಸಲ ಹಾಲು ಮೊದಲಿನಕಿಂತಾ ಡಿಸ್ಗಸ್ಟಿಂಗ್ ಅದಾವ!"