ದೊರೆಯ ವಿರುದ್ಧ ಹದಿಮೂರು ಕೈ

ಬೆಳಿಗ್ಗೆ ಏಳು ಗಂಟೆಗೆ ಕಟ್ಟಡದ ಸಂಘದ ಕಾರ್ಯದರ್ಶಿಗಳು ಮೆಟ್ಟಿಲ ಮೇಲೆ ನಿಂತು ಹದಿನೇಳು ಸಲ ‘ಹಚಾ’ ಎಂದರು. ಮೆಟ್ಟಿಲಿಗೆ ಅಡ್ಡ ಮಲಗಿದ್ದ ನಾಯಿ ಒಂದು ಸಲವೂ ಕಣ್ಣು ಬಿಡಲಿಲ್ಲ. ಎಲ್ಲ ರಗಳೆಯೂ ಶುರುವಾದದ್ದು ಅಲ್ಲಿಂದ.

ಹದಿನಾಲ್ಕು ಮನೆಗಳ ಆ ಕಟ್ಟಡದಲ್ಲಿ ಕಾರ್ಯದರ್ಶಿಗಳ ಮಾತಿಗೆ ಎದುರಿಲ್ಲ ಎಂದು ಅವರೊಬ್ಬರೇ ನಂಬಿದ್ದರು. ಮೂವತ್ತೈದು ವರ್ಷ ಹೆಡ್ಮಾಸ್ತರಾಗಿದ್ದವರು. ಅಲ್ಲಿ ಮಕ್ಕಳು ಅವರ ಮಾತು ಕೇಳಲಿಲ್ಲ, ಇಲ್ಲಿ ನೀರಿನ ಪಂಪೂ ಕೇಳುತ್ತಿರಲಿಲ್ಲ. ಈಗ ನಾಯಿಯೂ ಆ ಸಾಲಿಗೆ ಸೇರಿತೆಂದರೆ ಯಾವ ಹೆಡ್ಮಾಸ್ತರು ತಡೆದುಕೊಂಡಾರು? ನಾಯಿಯನ್ನು ದಾಟಿ ಹೋಗುವುದು ಬಿಟ್ಟು ಅವರು ಮತ್ತೆ ಮೂರು ಮಹಡಿ ಹತ್ತಿ ಮನೆ ಸೇರಿ ನೋಟೀಸು ಬರೆದರು. ಸಂಜೆ ಐದಕ್ಕೆ ತುರ್ತು ಸಭೆ. ವಿಷಯ, ಏಳನೇ ನಂಬರಿನ ಮನೆಯ ನಾಯಿಯನ್ನು ಕಟ್ಟಡದಿಂದ ಹೊರಹಾಕುವುದು.

ಏಳನೇ ನಂಬರಿನಲ್ಲಿದ್ದವನು ನಿವೃತ್ತ ಟ್ರಾಫಿಕ್ ಪೇದೆ, ಒಂಟಿ ಜೀವ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕೈಮರ ಎನ್ನುತ್ತಿದ್ದರು. ಮೂವತ್ತು ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ಕೈ ಎತ್ತಿ ನಿಂತವನು. ಅಷ್ಟು ವರ್ಷದಲ್ಲಿ ಆ ಕೈಗೆ ಮರ್ಯಾದೆ ಕೊಟ್ಟು ಗೆರೆಯ ಹಿಂದೆ ನಿಂತ ವಾಹನ ಒಂದೂ ಇರಲಿಲ್ಲ. ಎರಡು ತಿಂಗಳ ಹಿಂದೆ ಬೀದಿನಾಯಿಗಳ ಆಶ್ರಯಕ್ಕೆ ಹೋದಾಗ ಒಂದು ಕಂದು ನಾಯಿ ಅವನ ಮೇಲೆ ನುಗ್ಗಿ ಬಂತು. ಅಭ್ಯಾಸಬಲ, ಅವನು ಅಂಗೈ ಎತ್ತಿದ. ನಾಯಿ ಗಕ್ಕನೆ ನಿಂತು, ಕೂತೇಬಿಟ್ಟಿತು.

ಕೈಮರನಿಗೆ ಕಣ್ಣಲ್ಲಿ ನೀರು ಬಂತು. ನಾಯಿ ಹುಟ್ಟು ಕಿವುಡು, ಅದಕ್ಕೆ ಕೈಸನ್ನೆಯಲ್ಲೇ ಪಾಠ ಹೇಳಿದ್ದೇವೆ, ಇಬ್ಬರು ಒಯ್ದು ವಾಪಸ್ ತಂದುಬಿಟ್ಟಿದ್ದಾರೆ, ಮೂರನೇ ಸಲ ವಾಪಸ್ ಬಂದರೆ ಇನ್ನು ಯಾರೂ ಒಯ್ಯುವುದಿಲ್ಲ ಎಂದು ಅಲ್ಲಿನ ಹೆಂಗಸು ಹೇಳುತ್ತಲೇ ಇದ್ದಳು. ಅವನಾಗಲೇ ಅದನ್ನು ಎತ್ತಿಕೊಂಡಾಗಿತ್ತು.

ಎಷ್ಟು ಕರೆದರೂ ತಿರುಗಿ ನೋಡದವನಿಗೆ ಬೇರೆ ಯಾವ ಹೆಸರು ಒಪ್ಪೀತು? ದೊರೆ ಎಂದು ಕರೆದ. ಅಂಗೈ ಎತ್ತಿದರೆ ದೊರೆ ನಿಂತು ಕೂರುತ್ತಿತ್ತು, ಕೈ ಬೀಸಿದರೆ ಓಡಿ ಬರುತ್ತಿತ್ತು. ಇಬ್ಬರ ಸಂಸಾರಕ್ಕೆ ಈ ಎರಡು ಸನ್ನೆ ಧಾರಾಳವಾಗಿ ಸಾಕಾಗಿದ್ದವು.

ನೋಟೀಸು ಓದಿದವನೇ ಅವನು ಮೆಟ್ಟಿಲು ಹತ್ತಿದ. ನಾಯಿಗೆ ಕಿವಿ ಕೇಳುವುದಿಲ್ಲ ಎಂದು ಕಾರ್ಯದರ್ಶಿಗಳ ಬಾಗಿಲಲ್ಲಿ ನಿಂತು ವಿವರಿಸಿದ. ಅಷ್ಟುದ್ದ ಕಿವಿ ಇಟ್ಟುಕೊಂಡು ಕೇಳುವುದಿಲ್ಲ ಎಂದರೆ ಅದು ಉದ್ಧಟತನ, ತಾವು ಇಂಥ ವಿದ್ಯಾರ್ಥಿಗಳನ್ನು ಬಹಳ ನೋಡಿದ್ದೇವೆ ಎಂದು ಅವರು ಬಾಗಿಲು ಹಾಕಿಕೊಂಡರು. ಇನ್ನು ಉಳಿದದ್ದು ಮತಭಿಕ್ಷೆ. ಕೈಮರ ದೊರೆಗೆ ಮೈ ಬಾಚಿ, ಹಗ್ಗ ಹಿಡಿದು ಹೊರಟ.

ಮೊದಲ ಮನೆ ಟೈಲರಮ್ಮನದು. ಅವಳು ಕಂಡೊಡನೆ ಕರಗಿದಳು.

“ಅಣ್ಣಾ, ನನ್ನ ಓಟು ನಿಮ್ಗೇ. ಆದ್ರೆ ಸಭೆಗೆ ಹೋಗೋ ನಾಯಿ ಹೀಗಾ ಬರೋದು? ಒಂದು ಕೋಟು ಹೊಲ್ಕೊಡ್ತೀನಿ, ಕೂತ್ಕೊಳ್ಳಿ.”

ಬೇಡವೆಂದರೆ ಓಟು ಹೋದೀತೆಂದು ಕೈಮರ ಕೂತ. ಅವಳು ಬಟ್ಟೆ ತರಲು ಒಳಗೆ ಹೋದಳು, ಅವನು ಗೋಡೆಗೆ ಒರಗಿ ಲೆಕ್ಕ ಹಾಕತೊಡಗಿದ. ಅಷ್ಟರಲ್ಲಿ ದೊರೆ ಹಲ್ಲಿನ ಡಾಕ್ಟರ ಹೆಂಡತಿಯ ರೇಷ್ಮೆ ರವಿಕೆಯ ಒಂದು ತೋಳನ್ನು ಸಾವಕಾಶವಾಗಿ ಅಗಿದು ಮುಗಿಸಿತ್ತು. ರವಿಕೆ ಮಧ್ಯಾಹ್ನಕ್ಕೆ ಬೇಕಾಗಿತ್ತಂತೆ. ಒಂದೇ ಬಾಯಿಗೆ ಎರಡು ಮನೆಯ ಓಟು ಹೋದವು.

ಮುಂದಿನ ಬಾಗಿಲು ಪಿಟೀಲು ಮೇಷ್ಟ್ರದು. ಕಿವುಡೆಂದು ರುಜುವಾತಾದರೆ ತಮ್ಮ ಓಟು ಖಂಡಿತ ಎಂದರು ಮೇಷ್ಟ್ರು. ರುಜುವಾತಿಗಾಗಿ ಕಿಟಕಿ ಬಾಗಿಲು ತೆರೆದಿಟ್ಟು ನಲವತ್ತು ನಿಮಿಷ ಬಾರಿಸಿದರು. ದೊರೆ ಹತ್ತನೇ ನಿಮಿಷಕ್ಕೆ ಗೊರಕೆ ಹೊಡೆಯಿತು. ಕೈಮರನಿಗೆ ಗೆದ್ದೆನೆಂಬ ಸಂಭ್ರಮ. ಮೇಷ್ಟ್ರು ಮಾತ್ರ ಕಮಾನು ಕೆಳಗಿಟ್ಟು ಮುಖ ಗಂಟು ಹಾಕಿದರು.

“ಕಿವುಡಾಗಿದ್ರೆ ಸುಮ್ನೆ ಕೂತಿರ್ತಿತ್ತು ಕಣ್ರೀ. ಇದು ಬೇಸರದ ನಿದ್ದೆ. ನಂಗೆ ಗೊತ್ತಿಲ್ವಾ?”

ಹೊರಗೆ ಬಂದರೆ, ಮೇಲೆ ಕೆಳಗೆ ಉಳಿದ ಒಂಬತ್ತು ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ರಜೆಯ ದಿನದ ಮಧ್ಯಾಹ್ನ ಮೇಷ್ಟ್ರು ಪಿಟೀಲು ಎತ್ತುವಂತೆ ಮಾಡಿದ್ದು ಈ ನಾಯಿಯೇ ಎಂದು ಒಂಬತ್ತೂ ಮನೆಗೆ ಖಚಿತವಾಗಿತ್ತು. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ನಾಲ್ಕು ಓಟಾದರೂ ಉಳಿಯುತ್ತಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಲ್ಕು ಗಂಟೆಗೆ ಲೆಕ್ಕ ನೋಡಿದರೆ ದೊರೆಯ ಪರವಾಗಿ ಇದ್ದದ್ದು ಒಂದೇ ಓಟು, ಅವನದು.

ಐದಕ್ಕೆ ನೆಲಮಹಡಿಯ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ ಕೂಡಿತು. ಕಾರ್ಯದರ್ಶಿಗಳು ದೂರುಗಳನ್ನೆಲ್ಲ ಓದಿ, ಹೇಳುವುದಿದ್ದರೆ ಹೇಳಿ ಎಂದು ಕೈಮರನತ್ತ ನೋಡಿದರು. ಮೂವತ್ತು ವರ್ಷ ಬಾಯಲ್ಲಿ ಸೀಟಿ ಇಟ್ಟುಕೊಂಡಿದ್ದವನಿಗೆ ಭಾಷಣ ಎಲ್ಲಿಂದ ಬರಬೇಕು?

“ನನ್ನ ಕೈಗೆ ನಿಂತಿದ್ದು ಇದೊಂದೇ ಸಾರ್,” ಎಂದ. ಯಾರಿಗೂ ಏನೂ ಅರ್ಥವಾಗಲಿಲ್ಲ.

“ನಾಯಿ ಬೇಡ ಅನ್ನೋರು ಕೈ ಎತ್ತಿ. ಎಣಿಸಿ ಮುಗಿಯೋವರೆಗೂ ಯಾರೂ ಇಳಿಸ್ಬಾರದು, ಅದು ನಿಯಮ,” ಎಂದರು ಕಾರ್ಯದರ್ಶಿಗಳು. ತಮ್ಮ ಕೈಯನ್ನೂ ಎತ್ತಿದರು.

ಕೈಮರನ ಹಿಡಿತ ಸಡಿಲವಾಗಿ ದೊರೆ ಹಗ್ಗ ಎಳೆದುಕೊಂಡು ನೇರ ಕಾರ್ಯದರ್ಶಿಗಳ ಕಾಗದಗಳ ಕಡೆ ಹೊರಟಿತ್ತು. ತಲೆ ಎತ್ತಿ ನೋಡಿತು. ಸುತ್ತಲೂ ಹದಿಮೂರು ಅಂಗೈಗಳು. ಪಾಪ, ಜನ್ಮದಲ್ಲಿ ಅಷ್ಟು ದೊಡ್ಡ ಆಜ್ಞೆಯನ್ನು ಅದು ಕಂಡಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಬಾಲ ಒಳಗೆಳೆದು, ಉಸಿರು ಬಿಗಿಹಿಡಿದು ಕೂತಿತು.

ಕಾರ್ಯದರ್ಶಿಗಳು ಎಣಿಸಲೆಂದು ಇನ್ನೊಂದು ಕೈ ಬೀಸಿದರೆ, ದೊರೆ ಓಡಿ ಬಂದು ಅವರ ಮಂಡಿಯ ಮೇಲೆ ಮುಂಗಾಲಿಟ್ಟಿತು. ಅವರು ಗಾಬರಿಯಿಂದ ಅಂಗೈ ಅಡ್ಡ ಹಿಡಿದರು. ಅದು ಕೂತಿತು. ಬೀಸಿದರು, ಬಂತು. ಹಿಡಿದರು, ಕೂತಿತು.

“ನನ್ನ ಮಾತು ಕೇಳ್ತದಲ್ರೀ,” ಎಂದರು ಕಾರ್ಯದರ್ಶಿಗಳು. ಮೂವತ್ತೈದು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲ ವಿಧೇಯ ವಿದ್ಯಾರ್ಥಿ ಅದು.

ಆಮೇಲೆ ಸಭೆಯಲ್ಲಿ ಹಿಡಿತವೇ ಉಳಿಯಲಿಲ್ಲ. ಟೈಲರಮ್ಮ ಕೈ ಬೀಸಿದಳು, ಹಲ್ಲಿನ ಡಾಕ್ಟರ ಹೆಂಡತಿ ರವಿಕೆ ಮರೆತು ಅಂಗೈ ಎತ್ತಿದಳು. ಮೇಷ್ಟ್ರು ತಾಳ ಹಾಕಿ ನೋಡಿದರು, ದೊರೆ ಕೂತು ಎದ್ದು ಕೂತು ಎದ್ದು ಸುಸ್ತಾಯಿತು. ಹೊರಹಾಕುವ ಮಾತನ್ನು ಎತ್ತಿದವರೇ ಮರೆತರು. ಕೈಮರ ಹಿಗ್ಗಿ ಹೀರೇಕಾಯಿಯಾದ. ಮೂರನೇ ಸಲ ವಾಪಸ್ ಹೋಗುವ ಗಂಡಾಂತರ ತಪ್ಪಿತು, ದೊರೆ ಗೆದ್ದಿತು ಎಂದು ಪಕ್ಕದವರ ಕೈ ಹಿಡಿದು ಕುಲುಕಿದ.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ಹೊಸ ನಿರ್ಣಯ ಓದಿದರು. ನಾಯಿ ಇಲ್ಲೇ ಇರತಕ್ಕದ್ದು. ಇಂಥ ನಾಯಿ ಒಬ್ಬರ ಸೊತ್ತಾಗುವುದು ಅನ್ಯಾಯವಾದ್ದರಿಂದ ಇಂದಿನಿಂದ ಅದು ಇಡೀ ಕಟ್ಟಡದ್ದು. ತಿಂಗಳಿಗೊಂದು ಮನೆಯಂತೆ ಸರದಿ. ಮೊದಲ ತಿಂಗಳು ಕಾರ್ಯದರ್ಶಿಗಳ ಮನೆ. ಏಳನೇ ನಂಬರಿನವರು ಈಗಾಗಲೇ ಎರಡು ತಿಂಗಳು ಅನುಭವಿಸಿರುವುದರಿಂದ ಅವರ ಸರದಿ ಕಟ್ಟಕಡೆಗೆ.

“ಸಾರ್, ಅದು ನನ್ನ ನಾಯಿ,” ಎಂದ ಕೈಮರ.

“ನಮ್ಮದು ಅನ್ನೋದು ಕಲೀರಿ ಕಾನ್‌ಸ್ಟೇಬಲ್ರೆ. ವಿರೋಧ ಇದ್ರೆ ಕೈ ಎತ್ತಿ, ಬರ್ಕೋತೀನಿ.”

ಕೈಮರ ಎದ್ದು ನಿಂತು, ನಾಲ್ಕು ರಸ್ತೆಯ ನಡುವೆ ಕೂಡ ಎತ್ತದಷ್ಟು ಎತ್ತರಕ್ಕೆ ಕೈ ಎತ್ತಿದ. ಅದೇ ಹೊತ್ತಿಗೆ, ಹದಿಮೂರು ಜನರ ಕಾಟದಿಂದ ಬೇಸತ್ತ ದೊರೆ ಅವನ ಕಡೆಗೇ ಓಡಿ ಬರುತ್ತಿತ್ತು. ಅಂಗೈ ಕಂಡಿತು. ನಾಲ್ಕು ಹೆಜ್ಜೆ ದೂರದಲ್ಲೇ ಗಕ್ಕನೆ ನಿಂತು, ಕೂತು, ಅವನನ್ನೇ ನೋಡತೊಡಗಿತು.

“ನೋಡಿ, ಅದಕ್ಕೇ ನಿಮ್ಮ ಹತ್ರ ಬರೋ ಮನಸ್ಸಿಲ್ಲ,” ಎಂದರು ಯಾರೋ.

ಕೈಮರ ಕೈ ಎತ್ತಿಕೊಂಡೇ ನಿಂತ. ಕಾರ್ಯದರ್ಶಿಗಳು ಕನ್ನಡಕ ಹುಡುಕುತ್ತಿದ್ದರು, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ತಾರೀಖು ಕೇಳುತ್ತಿದ್ದರು. ಕೈ ಇಳಿಸಿದರೆ ವಿರೋಧ ಬಿದ್ದುಹೋಗುತ್ತದೆ, ಇಳಿಸದಿದ್ದರೆ ದೊರೆ ಬರುವುದಿಲ್ಲ. ನಾಯಿಗೆ ಏನು ತಪ್ಪು ಮಾಡಿದೆನೆಂದು ತಿಳಿಯದೆ ಕೆಳತುಟಿ ನಡುಗುತ್ತಿತ್ತು. ಅದನ್ನು ನೋಡುತ್ತಾ ನಿಲ್ಲುವುದು ಅವನಿಂದಾಗಲಿಲ್ಲ. ಕೈ ಇಳಿಸಿ, ಬಾ ಎಂದು ಬೀಸಿದ.

ದೊರೆ ಒಂದೇ ನೆಗೆತಕ್ಕೆ ಬಂದು ಅವನ ಎದೆಗೆ ಮುಖ ಒತ್ತಿತು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಸಭೆಯ ಸುತ್ತ ಕಣ್ಣಾಡಿಸಿದರು. ಎತ್ತಿದ ಕೈ ಒಂದೂ ಕಾಣಲಿಲ್ಲ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ದುಂಡಗೆ ಬರೆದು, ಹಗ್ಗಕ್ಕಾಗಿ ಕೈ ಚಾಚಿದರು.