ನನ್ನ ಬೋರಮಾಳಕ್ಕೆ ನಾನೇ ಕೊಟ್ಟ ಬಾಡಿಗೆ

ಸಾಲ ಕೊಟ್ಟವರಲ್ಲಿ ಎರಡು ನಮೂನೆಯ ಜನ ಇರುತ್ತಾರೆ, ಬಾಯಿ ಇದ್ದವರು, ಬಾಯಿ ಇಲ್ಲದವರು. ಬಾಯಿ ಇದ್ದವರಿಗೆ ಮೊದಲು ಕೊಡಬೇಕು, ಇಲ್ಲದವರಿಗೆ ಕೈಯಲ್ಲಿ ರೊಕ್ಕ ಆಡಿದಾಗ ಕೊಡಬೇಕು. ಇಷ್ಟು ವರ್ಷ ನಾನು ಮನೆ ನಡೆಸಿದ್ದು ಇದೇ ಲೆಕ್ಕದ ಮೇಲೆ. ನನ್ನ ಸಾಲಿ ಮೂರನೆಯ ಇಯತ್ತೆಗೆ ಮುಗಿಯಿತು. ಕೂಡಿಸುವುದು ಕಲಿಸಿದ್ದರು, ಕಳೆಯುವುದು ಕಲಿಸುವಷ್ಟರಲ್ಲಿ ಎಮ್ಮೆ ಕಾಯಲು ಹಚ್ಚಿದರು. ಹಾಗಾಗಿ ಸಾಲ ಕೂಡಿಸುವುದರಲ್ಲಿ ನನಗೆ ಯಾವತ್ತೂ ತೊಡಕು ಬಂದಿಲ್ಲ.

ನಮ್ಮ ಪಕ್ಕದ ಮನೆಯ ಖಾಜಾಬಿ ಬಾಯಿ ಇದ್ದವಳು. ಬಳೆ ವ್ಯಾಪಾರ ಅವಳದು, ಗಾಜಿನ ಬಳೆ ಒಡೆಯದಂತೆ ಹಿಡಿಯುವ ಕೈ, ಆದರೆ ಮಾತು ಮಾತ್ರ ಬಂಡಿ ಗಾಲಿಯ ಸಪ್ಪಳ. ನನ್ನ ಮಗನ ಮೂರು ಗಾಲಿಯ ಟಂಟಂ ಗಾಡಿಗೆ ಟೈರು ಹಾಕಿಸಲು ಎಂಟು ಸಾವಿರ ಕೊಟ್ಟಿದ್ದಳು. ಬಡ್ಡಿ ತಿನ್ನುವುದು ಅವರಲ್ಲಿ ತಪ್ಪಂತೆ, ಒಂದು ಪೈಸೆ ಬಡ್ಡಿ ಇಲ್ಲ. ಬಡ್ಡಿಯ ಬದಲು ದಿನಾ ಮುಂಜಾನೆ ಗೋಡೆಯ ಮೇಲಿಂದ ಕುತ್ತಿಗೆ ಚಾಚಿ, "ಏ ನೀಲವ್ವಾ, ನನ್ನ ಪೈಸಾ ಜಿಂದಾ ಅದಾವೋ, ಸತ್ತಾವೋ?" ಎಂದು ಇಡೀ ಓಣಿಗೆ ಕೇಳುವಂತೆ ವಿಚಾರಿಸುತ್ತಿದ್ದಳು. ಬಾಯಿ ಇಲ್ಲದವನು ಅಂದರೆ ಬಂಗಾರ ಅಡವು ಇಟ್ಟುಕೊಳ್ಳುವ ಸಾಹುಕಾರ. "ಬರ್ರಿ ನೀಲಮ್ಮನವರ, ಕೂಡ್ರಿ, ಮೊಣಕಾಲು ಹ್ಯಾಂಗದಾವ್ರಿ?" ಎಂದು ಚಹಾ ತರಿಸುತ್ತಿದ್ದ. ಅವನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ನಮ್ಮ ಕಾರಟಗಿಯಲ್ಲಿ ಇಷ್ಟು ಮರ್ಯಾದೆಯಿಂದ ನನ್ನ ಮೊಣಕಾಲು ಕೇಳಿದವರು ಬೇರೆ ಯಾರೂ ಇಲ್ಲ, ಹಾಗಾಗಿ ಅವನಿಗೆ ಕೊಡುವುದು ಯಾವಾಗಲೂ ಕಡೆಗೆ ಉಳಿಯುತ್ತಿತ್ತು. ಅದು ನಾನು ಕುಡಿದ ಎಲ್ಲಕ್ಕಿಂತ ತುಟ್ಟಿಯ ಚಹಾ ಎಂದು ಗೊತ್ತಾದದ್ದು ಸೊಸೆ ಬಂದ ಮೇಲೆ.

ಸಾಹುಕಾರನ ಹತ್ತಿರ ಇದ್ದದ್ದು ನನ್ನ ಬೋರಮಾಳ. ಬೋರೆ ಹಣ್ಣಿನ ಹಾಗೆ ದುಂಡಗಿನ ಬಂಗಾರದ ಗುಂಡುಗಳ ಸರ. ನಾಲ್ಕು ಮಂದಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡಿ, ಹತ್ತಿ ಬಿಡಿಸಿ, ಕೂಲಿ ಕೂಡಿಹಾಕಿ ನಾನೇ ಮಾಡಿಸಿದ್ದು. ನನ್ನ ಗಂಡ ಬದುಕಿದ್ದಾಗ ಅದನ್ನು ನೋಡಿ "ಎಷ್ಟು ಛಂದ ಐತಿ" ಎಂದು ಒಮ್ಮೆಯೂ ಅನ್ನಲಿಲ್ಲ, "ಇಟ್ಟರ ಎಷ್ಟು ಬಂದೀತು?" ಎಂದೇ ಕೇಳುತ್ತಿದ್ದ. ಬರುತ್ತಿತ್ತು, ಬಂತು, ನಲವತ್ತು ಸಾವಿರ. ಮಗ ಶರಣಪ್ಪ ಟಂಟಂ ಕೊಳ್ಳುವಾಗ ಮೊದಲ ಕಂತಿಗೆಂದು ಇಟ್ಟದ್ದು, ಅಂದಿನಿಂದ ಅದು ಸಾಹುಕಾರನ ಕಬ್ಬಿಣದ ತಿಜೋರಿಯಲ್ಲೇ ಬಾಳ್ವೆ ಮಾಡುತ್ತಿತ್ತು.

ಪೂರ್ತಿ ಅಲ್ಲೇ ಇರುತ್ತಿತ್ತು ಅಂತಲ್ಲ. ನಮ್ಮ ಕಡೆ ಒಂದು ರೂಢಿ ಇದೆ. ಬೀಗರ ಮನೆಯಲ್ಲಿ, ಬಂಧುಗಳ ಮನೆಯಲ್ಲಿ ಲಗ್ನ ಬಂದರೆ ಅಡವಿನ ಬಂಗಾರವನ್ನು ಬಿಡಿಸಿಕೊಂಡು, ಹಾಕಿಕೊಂಡು, ಉಂಡು, ಫೋಟೋ ತೆಗೆಸಿಕೊಂಡು, ಬಂದ ಮರುದಿನ ವಾಪಸು ಒಳಗೆ ಹಾಕುವುದು. ಬಿಡಿಸಲು ನಲವತ್ತು ಸಾವಿರ ಎಲ್ಲಿಂದ ಬರಬೇಕು? ಅದಕ್ಕೂ ಜನ ಇದ್ದಾರೆ. ನೂರಕ್ಕೆ ಐದರಂತೆ ಕೈಗಡ ಕೊಡುತ್ತಾರೆ, ಎರಡು ದಿನ ಇಟ್ಟುಕೊಂಡರೂ ಒಂದು ತಿಂಗಳ ಬಡ್ಡಿ ಹಿಡಿಯುತ್ತಾರೆ. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಹೊಳೆದಿರಲೇ ಇಲ್ಲ. ಎಲ್ಲರೂ ಮಾಡುತ್ತಾರೆ. ಬರಿಗೊರಳಲ್ಲಿ ಲಗ್ನಕ್ಕೆ ಹೋಗುವುದೆಂದರೆ ನಮ್ಮಲ್ಲಿ ಊಟಕ್ಕೆ ಕೂತು ಎಲೆ ಇಲ್ಲ ಅನ್ನಿಸಿಕೊಂಡ ಹಾಗೆ.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಮಂಗಳೂರಿನಿಂದ ಲಗ್ನದ ಕಾರ್ಡು ಬಂತು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ನನ್ನ ತಂಗಿ ಪಾರವ್ವನ ಮೊಮ್ಮಗಳ ಲಗ್ನ. ಅದೇ ವಾರ ಸಾಹುಕಾರ ಚಹಾದ ಜೊತೆ ಇನ್ನೊಂದು ಮಾತನ್ನೂ ಕೊಟ್ಟಿದ್ದ. "ನೀಲಮ್ಮನವರ, ದಸರಾದೊಳಗ ಅಸಲು ಮುಟ್ಟಸ್ರಿ. ಇಲ್ಲಂದ್ರ ನಾ ಏನ ಮಾಡಲಿ, ಕರಗಸಬೇಕಾಕ್ಕೈತಿ." ಅವನ ನಗು ಅಷ್ಟೇ ಸಿಹಿ ಇತ್ತು. ನಾನು ಮನೆಗೆ ಬಂದು ಕಾರ್ಡನ್ನು ಸೊಸೆಯ ಮುಂದೆ ಇಟ್ಟೆ. "ಗಿರಿಜಾ, ಐದರ ಬಡ್ಡಿಯವರಿಗೆ ಹೇಳಿ ಕಳಸು. ಲಗ್ನಕ್ಕ ಬಿಡಸೂಣು, ದಸರಾದ ಮಾತು ದಸರಾಕ್ಕ ನೋಡೂಣು."

ಗಿರಿಜಾ ಹನುಮಸಾಗರದ ಹುಡುಗಿ. ಪಿಯುಸಿ ಓದಿದ್ದಾಳೆ, ಮನೆಯಲ್ಲೇ ಜಂಪರು ಹೊಲಿಯುತ್ತಾಳೆ, ಮಾತು ಕಡಿಮೆ. ಲಗ್ನವಾಗಿ ಬಂದಾಗ ನಾನು ಅವಳನ್ನು ಮೂಕಿ ಎಂದುಕೊಂಡಿದ್ದೆ, ಅದು ನನಗೆ ಹಿಡಿಸಿಯೂ ಇತ್ತು. ಅವತ್ತು ಮಷೀನು ನಿಲ್ಲಿಸಿ, ದಾರ ಹಲ್ಲಿನಿಂದ ಕಡಿದು, "ಅತ್ತಿ, ಈ ಸಲ ಬ್ಯಾಡ್ರಿ" ಅಂದಳು.

"ಯಾಕ?"

"ಹೋದ ವರ್ಷ ನಾಕು ಲಗ್ನಕ್ಕ ಬಿಡಸೀರಿ. ಒಂದಕ್ಕ ಎರಡು ಸಾವಿರ ಹೋಗೈತಿ. ಎಂಟು ಸಾವಿರ. ಖಾಜಾಬಿ ಚಿಗವ್ವನ ಸಾಲ ಅಲ್ಲೇ ತೀರತಿತ್ತು."

ಅವಳು ನಿಲ್ಲಿಸಲಿಲ್ಲ. "ನಿಮ್ಮ ಬೋರಮಾಳಕ್ಕ ನೀವ ಬಾಡಿಗಿ ಕೊಡಾಕತ್ತೀರಿ. ಆ ರೊಕ್ಕಕ್ಕ ಲಗ್ನಕ್ಕೊಂದು ಇಳಕಲ್ ಸೀರಿ ಬರತಿತ್ತು. ಮತ್ತ ಸಾಹುಕಾರಗ ಮೂರು ವರ್ಷ ಬಡ್ಡಿ ಕಟ್ಟೇವಿ, ನಲವತ್ತು ಸಾವಿರ ದಾಟೈತಿ. ಅಸಲು ಹಂಗ ಕುಂತೈತಿ."

ರೊಟ್ಟಿ ತಿನ್ನುತ್ತಿದ್ದ ಮಗ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯನ್ನು ನೋಡಿದ. ಇಷ್ಟು ಉದ್ದ ಮಾತನ್ನು ಅವನೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಗಿರಿಜಾ ಅಂದಳು, "ದಸರಾದೊಳಗ ಮೂರು ದಾರಿ ಅದಾವ್ರಿ. ಒಂದು, ಬೋರಮಾಳ ಮಾರಿ ಎಲ್ಲಾ ಸಾಲ ಹರಕೊಳ್ಳೂದು."

"ಅದಕ್ಕೂ ಮೊದಲ ನನ್ನ ಮಾರು" ಅಂದೆ.

"ಯವ್ವಾ, ನಿನಗ ಗಿರಾಕಿ ಸಿಗಬೇಕಲ್ಲ" ಅಂದ ಮಗ.

"ಎರಡು, ಹೆಣ್ಣಮಕ್ಕಳ ಸಂಘದಾಗ ಇನ್ನೊಂದು ಸಾಲ ತಗದು ಸಾಹುಕಾರಗ ಕೊಡೂದು. ಅಲ್ಲಿ ನೂರಕ್ಕ ಎರಡು. ಆದ್ರ ವಾರಾ ವಾರಾ ಕಟ್ಟಬೇಕು. ಈಗ ಇರೂ ಸಂಘದ ಸಾಲನ ಕುತಗಿಗಿ ಬಂದೈತಿ, ಗಾಡಿ ಒಂದು ವಾರ ನಿಂತರ ಎರಡರ ವಸೂಲಿಯವರೂ ಕೂಡೇ ಮನಿಗೆ ಬರತಾರ. ಮೂರು, ಸಾಹುಕಾರನ ಕಡಿಂದ ಬಿಡಸಿ ಬ್ಯಾಂಕಿನ್ಯಾಗ ಇಡೂದು. ಅಲ್ಲಿ ನೂರಕ್ಕ ಮುಕ್ಕಾಲು ರೂಪಾಯಿ. ತಿಂಗಳಿಗೆ ಹನ್ನೆರಡು ನೂರು ಕಟ್ಟೂದು ಹೋಗಿ ಮುನ್ನೂರು ಆಕ್ಕೈತಿ. ಉಳದ ಒಂಬೈನೂರು ಅಸಲಿಗೆ. ಆದ್ರ ಒಮ್ಮೆ ಇಟ್ಟ ಮ್ಯಾಲೆ ಲಗ್ನಕ್ಕಂತ ತಗಿಯಂಗಿಲ್ಲ ನೋಡ್ರಿ."

ಅಂದರೆ ಮಂಗಳೂರಿಗೆ ಬರಿಗೊರಳು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೂ ಆಗಲಿಲ್ಲ ಅಂತ ಕಾಣುತ್ತದೆ, ಅವಳು ಮೊದಲೇ ಮಾತಾಡುವವಳಲ್ಲ. ಮೂರನೆಯ ದಿನ ನಾನೇ ಸೋತು, "ಬಿಡಸಾಕ ನಲವತ್ತು ಸಾವಿರ ಯಾರ ಕೊಡತಾರ? ನಿಮ್ಮಪ್ಪನಾ?" ಎಂದು ಕೇಳಿದೆ.

ಗಿರಿಜಾ ಎದ್ದು ಗೋಡೆಯ ಹತ್ತಿರ ಹೋಗಿ ಖಾಜಾಬಿಯನ್ನು ಕರೆದಳು. ಎಂಟು ಸಾವಿರಕ್ಕೆ ದಿನಾ ಓಣಿ ಎಬ್ಬಿಸುವವಳ ಹತ್ತಿರ ನಲವತ್ತು ಸಾವಿರ! ಆದರೆ ಸೊಸೆ ಬೇಡಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. "ಚಿಗವ್ವಾ, ನಿಮ್ಮ ಎಂಟು ಸಾವಿರ ತಿಂಗಳಿಗೆ ಎಂಟುನೂರರಂಗ ಹತ್ತು ತಿಂಗಳದಾಗ ಮುಟ್ಟಸ್ತೀನ್ರಿ. ಬಡ್ಡಿ ಇಲ್ಲಂತ ಕಡಿಗೆ ಹಾಕಂಗಿಲ್ಲ. ಮತ್ತ ಒಂದು ಮುಂಜಾನಿ ಮಟ್ಟಿಗೆ ನಲವತ್ತು ಸಾವಿರ ಬೇಕ್ರಿ. ಸಾಹುಕಾರನ ಅಂಗಡಿಂದ ಬ್ಯಾಂಕಿನ ತನಕಾ. ನೀವೂ ಜೋಡಿ ಬರ್ರಿ" ಅಂದಳು.

ಖಾಜಾಬಿ ಸೊಸೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ಇಷ್ಟ್ ದಿನಾ ನಾ ಗ್ವಾಡಿ ಜೋಡಿ ಮಾತಾಡ್ದಂಗಾತು. ಈ ಮನ್ಯಾಗ ಜವಾಬು ಕೊಡವ್ರು ಒಬ್ಬರ ಅದಾರ ನೋಡು" ಅಂದಳು. ಆ ಮಾತು ನನಗೆ ಅಂದದ್ದು. ನಾನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ಖಾಜಾಬಿ ನಲವತ್ತು ಸಾವಿರ ಚೀಲದಲ್ಲಿಟ್ಟುಕೊಂಡು ಬಂದಳು, ಮಗನ ಟಂಟಂನಲ್ಲಿ ಮೂವರು ಹೆಂಗಸರೂ ಹೊರಟೆವು. ಬಾಕಿ ಬಡ್ಡಿಯನ್ನು ಗಿರಿಜಾ ಜಂಪರು ಹೊಲಿದ ರೊಕ್ಕದಲ್ಲಿ ಮೊದಲೇ ಕಟ್ಟಿದ್ದಳು. ಸಾಹುಕಾರ ಚಹಾ ತರಿಸಿದ, ಅವಳು ಮುಟ್ಟಲಿಲ್ಲ. ತಿಜೋರಿಯಿಂದ ಬೋರಮಾಳ ಬಂತು. ಅವಳು ಗುಂಡು ಗುಂಡು ನೋಡಿ, ತೂಗಿಸಿ, ನನ್ನ ಕೈಗೆ ಕೊಟ್ಟಳು. ಗಾಡಿ ಏರಿದ್ದೇ ನಾನು ಅದನ್ನು ಕೊರಳಿಗೆ ಹಾಕಿಕೊಂಡೆ. ಬ್ಯಾಂಕಿನ ತನಕ ಆದರೂ ಇರಲಿ ಎಂದು. "ಸಾವಕಾಶ ಹೊಡಿಯೋ" ಎಂದು ಮಗನಿಗೆ ಹೇಳಿದೆ. ಪಕ್ಕದಲ್ಲಿ ಕೂತ ಖಾಜಾಬಿ ಕಣ್ಣು ಕಿರಿದು ಮಾಡಿ ನೋಡಿದಳು. "ಛಂದ ಕಾಣ್ತಾದ ನೀಲವ್ವಾ. ಆದ್ರ ಈಗ ನಿನ್ನ ಕೊಳ್ಳಾಗ ಇರೋದು ನನ್ನ ಪೈಸಾ. ಬಿಗಿ ಹಿಡಕೋ."

ಬ್ಯಾಂಕಿನವರು ಇನ್ನೂ ಹೆಚ್ಚು ಕೊಡುತ್ತೇವೆ ಅಂದರು. ಬಂಗಾರದ ದರ ಏರಿದೆಯಂತೆ. ಮಗನ ಕಣ್ಣು ಅರಳಿತು, ಗಾಡಿಗೆ ಹಾಡಿನ ಪೆಟ್ಟಿಗೆ ಹಾಕಿಸಬಹುದಿತ್ತು. ಗಿರಿಜಾ, "ನಲವತ್ತೇ ಸಾಕ್ರಿ ಸರ್" ಅಂದಳು. ಕೊಡುತ್ತೇನೆ ಅಂದವರಿಗೆ ಸಾಕು ಅಂದವರನ್ನು ನಾನು ಅವತ್ತೇ ಮೊದಲು ನೋಡಿದ್ದು. ದೇವರಾಣೆ ಹೇಳುತ್ತೇನೆ, ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಮಧ್ಯಾಹ್ನದ ಊಟದೊಳಗೆ ಖಾಜಾಬಿಯ ರೊಕ್ಕ ಖಾಜಾಬಿಯ ಚೀಲಕ್ಕೆ ಬಂತು, ನನ್ನ ಕೊರಳು ಬರಿದಾಯಿತು.

ಅಂದಿನಿಂದ ಮನೆಯ ಕಾರುಬಾರು ಬದಲಾಯಿತು. ಶರಣಪ್ಪ ಅಕ್ಕಿ ಗಿರಣಿಯ ಬಾಡಿಗೆ ಮುಗಿಸಿ ಬಂದರೆ, ಕಾಲು ತೊಳೆಯುವ ಮೊದಲು ಹೆಂಡತಿಯ ಮುಂದೆ ಕಿಸೆ ಬರಿದು ಮಾಡಬೇಕು. ಡೀಸೆಲ್ಲಿಗೆ ಇಷ್ಟು, ಗಾಡಿಯ ಕಂತಿಗೆ ಇಷ್ಟು, ಸಂಘಕ್ಕೆ, ಅಡುಗೆಗೆ. "ಎಲ್ಲಾ ಹಂಚಿದಿ, ನನಗೇನು ಉಳೀತು?" ಅಂತ ಅವನು ಒಮ್ಮೆ ಸಿಟ್ಟಾದ. "ಗಾಡಿ ಉಳದೈತಲ್ರಿ" ಅಂದಳು. ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಂತಿತು. ಉದ್ರಿಯವರಿಗೆ ಕೊಡುವ ಬೇಳೆಯಲ್ಲಿ ಹುಳ ಹೆಚ್ಚು, ನಗದು ಕೊಡುವವರಿಗೆ ಕಡಿಮೆ ಎಂಬುದನ್ನೂ ನಾನು ಈ ವಯಸ್ಸಿನಲ್ಲಿ ಕಲಿತೆ. ಬಡ್ಡಿ ಹೆಚ್ಚಿದ್ದ ಸಂಘದ ಸಾಲಕ್ಕೆ ಮೊದಲ ಪಾಳಿ, ಬ್ಯಾಂಕಿಗೆ ಆಮೇಲೆ, ಖಾಜಾಬಿಗೆ ಮಾತ್ರ ಹೇಳಿದ ದಿನ ಹೇಳಿದಷ್ಟು. ಯಾರ ಬಾಯಿ ಎಷ್ಟು ದೊಡ್ಡದು ಎಂದು ಈ ಹುಡುಗಿ ನೋಡುವುದೇ ಇಲ್ಲ. ಅವಳನ್ನು ಮೆಚ್ಚಿದೆ ಅಂತ ಬಾಯಿ ಬಿಟ್ಟು ಹೇಳುವ ಜಾಯಮಾನ ನನ್ನದಲ್ಲ, ಆದರೆ ಅವಳ ರೊಟ್ಟಿ ದಪ್ಪ ಅನ್ನುವುದನ್ನು ಬಿಟ್ಟೆ.

ಸೊಸೆಯನ್ನು ಕರೆದುಕೊಂಡು ಮಂಗಳೂರಿನ ಲಗ್ನಕ್ಕೆ ಹೋದೆ. ಸೆರಗು ಕುತ್ತಿಗೆಗೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಸೆಕೆಯಲ್ಲಿ ಎಷ್ಟು ಹೊತ್ತು ಸುತ್ತಿಕೊಂಡಿರಬೇಕು? ತಂಗಿ ಪಾರವ್ವ ಕೊರಳ ತುಂಬ ಹಾಕಿಕೊಂಡು ಬಂದು, ಹತ್ತು ಹೆಂಗಸರ ನಡುವೆ, "ಅಕ್ಕಾ, ಬೋರಮಾಳ ಎಲ್ಲಿ?" ಎಂದು ಕೇಳಿಯೇಬಿಟ್ಟಳು. ನನಗೆ ಸುಳ್ಳು ಹೇಳಲು ಬರುತ್ತದೆ, ಆದರೆ ಆ ಸೆಕೆಯಲ್ಲಿ ಹೊಳೆಯಲಿಲ್ಲ. ಸೆರಗು ಬಿಚ್ಚಿ, "ಬ್ಯಾಂಕಿನ್ಯಾಗ ಐತಿ, ಸೊಸಿ ಇಡಸ್ಯಾಳ. ಮುಕ್ಕಾಲು ರೂಪಾಯಿ ಬಡ್ಡಿ. ನಿಂದು ಎಷ್ಟರದು?" ಅಂದೆ.

ಪಾರವ್ವ ಆಕಡೆ ಈಕಡೆ ನೋಡಿ, ನನ್ನ ಪಕ್ಕ ಕುಕ್ಕರಿಸಿ, "ನಾಕರದು. ಸೋಮವಾರ ವಾಪಸು ಇಡಬೇಕು" ಎಂದು ಪಿಸುಗುಟ್ಟಿದಳು. ಅವಳ ಹಿಂದಿದ್ದವಳು, "ನಂದೂ ಸೋಮವಾರನ" ಅಂದಳು. ಇನ್ನೊಬ್ಬಳು ನಕ್ಕಳು, ಅವಳದು ಮಂಗಳವಾರವಂತೆ. ಆ ಚಪ್ಪರದಲ್ಲಿ ಮಿಂಚುತ್ತಿದ್ದ ಬಂಗಾರ ಅರ್ಧಕ್ಕರ್ಧ ರಜೆ ಮೇಲೆ ಬಂದಿತ್ತು. ಆಮೇಲೆ ಮದುಮಗಳ ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ಗಿರಿಜಾಳ ಸುತ್ತ. "ಯವ್ವಾ, ಯಾವ ಕಾಗದ ಬೇಕು?" "ಗಂಡಗ ಗೊತ್ತಾಕ್ಕೈತೇನು?" ಅವಳು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಾ ನಿಂತಳು, ಅವಳ ಎಲೆಯ ಗೋಧಿ ಹುಗ್ಗಿ ತಣ್ಣಗಾಯಿತು. ನಾನು ಪಕ್ಕದಲ್ಲಿ ನಿಂತು, "ನನ್ನ ಸೊಸಿ" ಎಂದು ಕೇಳದವರಿಗೂ ಹೇಳಿದೆ. ಬೋರಮಾಳ ಹಾಕಿಕೊಂಡು ಹೋದ ಯಾವ ಲಗ್ನದಲ್ಲೂ ನನಗೆ ಅಷ್ಟು ಮಂದಿ ಜಾಗ ಬಿಟ್ಟಿರಲಿಲ್ಲ.

ನಾಲ್ಕು ಭತ್ತದ ಸುಗ್ಗಿ ಕಳೆಯುವ ಹೊತ್ತಿಗೆ ಖಾಜಾಬಿಯದು, ಸಂಘದ್ದು, ಗಾಡಿಯ ಕಂತು ಎಲ್ಲ ಹರಿಯಿತು, ಬ್ಯಾಂಕಿನದೂ ಹರಿಯಿತು. ಬೋರಮಾಳ ಮನೆಗೆ ಬಂತು, ಈ ಸಲ ಯಾರ ರೊಕ್ಕವೂ ಅಲ್ಲ, ಪೂರ್ತಿ ನನ್ನದು. ಹಾಕಿಕೊಂಡೆ. ಆಮೇಲೆ ಶುರುವಾಯಿತು ಫಜೀತಿ. ನಳಕ್ಕೆ ನೀರಿಗೆ ಹೋಗಲು ಭಯ, ಬಾಗಿಲು ತೆರೆದು ಅಡ್ಡಾಗಲು ಭಯ. ಬಿಚ್ಚಿ ಅಕ್ಕಿ ಡಬ್ಬಿಯಲ್ಲಿಟ್ಟೆ, ಅನ್ನಕ್ಕೆ ಇಟ್ಟುಬಿಟ್ಟಾರೆಂದು ತೆಗೆದೆ. ಹಾಸಿಗೆಯೊಳಗೆ ಇಟ್ಟೆ, ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ನಾಲ್ಕೇ ದಿನಕ್ಕೆ ಸಾಕಾಗಿ, "ಗಿರಿಜಾ, ಇದನ್ನ ಬ್ಯಾಂಕಿನವರಿಗೇ ಕೊಟ್ಟು ಬಾ, ಇಟಗೋಳ್ಳಿ" ಅಂದೆ.

"ಸಾಲ ಇಲ್ಲದ ಇಡಬೇಕಂದ್ರ ಲಾಕರ್ ತಗೋಬೇಕ್ರಿ ಅತ್ತಿ. ವರ್ಷಕ್ಕ ಸಾವಿರದ ಐದುನೂರು ಬಾಡಿಗಿ."

ನನ್ನ ಮಾಲಿಗೆ ಮತ್ತೆ ನಾನೇ ಬಾಡಿಗೆ! ಕೂತು ಯೋಚನೆ ಮಾಡಿದೆ. "ಐದು ಸಾವಿರ ಸಾಲ ತಗದರ ವರ್ಷಕ್ಕ ಬಡ್ಡಿ ಎಷ್ಟು?" ಅಂದೆ. ಗಿರಿಜಾ ಬೆರಳು ಮಡಿಸಿ, "ನಾಕುನೂರಾ ಐವತ್ತು" ಅಂದಳು. ಆಮೇಲೆ ಮಷೀನು ನಿಲ್ಲಿಸಿ ನನ್ನ ಮುಖ ನೋಡಿದಳು. ಲಾಕರಿಗಿಂತ ಸಾಲವೇ ಸಾವಿರದೈವತ್ತು ಅಗ್ಗ, ನಾನು ಮಾಡಿದ ಮೊದಲ ಕಳೆಯುವ ಲೆಕ್ಕ ಅದು.

ಹೀಗೆ ಸಾಲ ತೀರಿದ ನಮ್ಮ ಮನೆಯಲ್ಲಿ ಈಗ ಸಾಲಗಾರ್ತಿ ನಾನೊಬ್ಬಳೇ. ಬೋರಮಾಳ ಬ್ಯಾಂಕಿನಲ್ಲಿದೆ, ನಾನು ನಿಶ್ಚಿಂತೆಯಿಂದ ಬಾಗಿಲು ತೆರೆದು ಅಡ್ಡಾಗುತ್ತೇನೆ. ನನ್ನ ಪಿಂಚಣಿ ಬಂದ ದಿನ ಸೊಸೆ ಬಂದು ಕೈ ಚಾಚುತ್ತಾಳೆ, "ಅತ್ತಿ, ನಿಮ್ಮ ಬಡ್ಡಿ." ತಿಂಗಳಿಗೆ ಮೂವತ್ತೇಳೂವರೆ. ಮೂವತ್ತೆಂಟು ತೆಗೆದುಕೊಳ್ಳುತ್ತಾಳೆ, ಎಂಟಾಣೆ ಈಗ ನಡೆಯುವುದಿಲ್ಲವಂತೆ. ಆ ಎಂಟಾಣೆಯನ್ನು ನಾನು ಪ್ರತಿ ತಿಂಗಳೂ ಅವಳ ಹೆಸರಿನಲ್ಲಿ ಬಾಕಿ ಹಿಡಿದಿದ್ದೇನೆ. ಬಡ್ಡಿ ಎಷ್ಟರಂತೆ ಹಾಕಬೇಕು ಎಂಬುದೊಂದು ಇನ್ನೂ ತೀರ್ಮಾನವಾಗಿಲ್ಲ.