ಮುಟ್ಟಬೇಡಿ ಎಂಬ ಬೋರ್ಡು

ಹಳೆ ಪುಸ್ತಕ ಹುಡುಕಿಕೊಂಡು ಹೊರಟವನಿಗೆ ಪುಸ್ತಕ ಸಿಗುವುದು ಎಂದೋ ಒಮ್ಮೆ; ಮರ್ಯಾದೆ ಹೋಗುವ ಸಂದರ್ಭಗಳಿಗೆ ಮಾತ್ರ ಬರವಿಲ್ಲ. ನಾನು ತಮಿಳುನಾಡಿಗೆ ಸೇರಿದ ಹೊಸೂರಿನ ಹತ್ತಿರ, ಮತ್ತಿಗಿರಿ ಕಡೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಮಕ್ಕಳು ಸೇರದೆ ಕನ್ನಡ ವಿಭಾಗ ಮುಚ್ಚಿತು, ನಾನೂ ನಿವೃತ್ತನಾದೆ. ಖಾಲಿ ಬಿದ್ದ ನನ್ನ ತರಗತಿಯನ್ನೇ ಕೇಳಿ ಪಡೆದು, ಸುತ್ತಲ ಹಳ್ಳಿಗಳಿಂದ ಹಳೆ ಕನ್ನಡ ಪುಸ್ತಕಗಳನ್ನು ತಂದು ಜೋಡಿಸಿ, ಬಾಗಿಲ ಮೇಲೆ ‘ಅಪರೂಪದ ಪುಸ್ತಕಗಳ ಸಂಗ್ರಹಾಲಯ’ ಎಂದು ಬರೆಸಿದೆ. ಪುಸ್ತಕಕ್ಕಿಂತ ಓದುವವರೇ ಅಪರೂಪ ಎಂದು ತಿಳಿಯಲು ಒಂದು ವಾರ ಸಾಕಾಯಿತು.

ಓಲೆ

ನಾಟ್ರಾಂಪಾಳ್ಯದ ಅಜ್ಜಿಯೊಬ್ಬರ ಮನೆಯಲ್ಲಿ ತಾಳೆಗರಿಯ ಕಟ್ಟಿದೆ ಎಂದು ಯಾರೋ ಹೇಳಿದರು. ಅಂಚೆಟ್ಟಿ ದಾಟಿ, ಕಾಡುದಾರಿಯ ಬಸ್ಸಿನಲ್ಲಿ ಸೊಂಟ ಕಳಚಿಕೊಂಡು ಹೋದೆ. ತಾಳೆಗರಿಯ ಬರಹಕ್ಕೆ ಓಲೆ ಎನ್ನುತ್ತಾರಲ್ಲ, ಹಾಗೆಂದೇ ಕೇಳಿದೆ.

“ಅಜ್ಜೀ, ನಿಮ್ಮತ್ರ ತುಂಬಾ ಹಳೇ ಓಲೆ ಅದೆಯಂತೆ. ಕೊಡ್ತೀರಾ?”

ಅಜ್ಜಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. “ನಮ್ಮವ್ವ ಇಕ್ಕಿದ್ದು ಕಣಯ್ಯಾ ಇದು! ಹಾಡ್ಹಗಲಲ್ಲೇ ಕಿವಿ ಓಲೆ ಬಿಚ್ಕೊಡು ಅಂತ ಬಂದವ್ನಲ್ಲಪ್ಪಾ! ಲೋ, ಯಾರಾದ್ರೂ ಬರ್ರಲಾ!”

ಹೊಲದಿಂದ ನಾಲ್ಕು ಜನ ಗುದ್ದಲಿ ಸಮೇತ ಬಂದರು. ನಾನು ಗಾಳಿಯಲ್ಲಿ ಬೆರಳಾಡಿಸಿ, ಬರೆದು ತೋರಿಸಿ, ಬೆವರಿ ನೀರಾದ ಮೇಲೆ ಅಜ್ಜಿಗೆ ಅರ್ಥವಾಯಿತು. “ಓ, ಆ ಗರಿ ಕಟ್ಟಾ? ಮೊದ್ಲೇ ಅನ್ಬಾರ್ದಾ!” ಎಂದು ಬಗ್ಗಿ, ಮಂಚದ ಕೆಳಗಿಂದ ಎಳೆದು ಕೊಟ್ಟರು. ಮಲಗುವಾಗಲೂ ಬಿಟ್ಟಿರದೆ ಎಷ್ಟು ಜೋಪಾನ ಮಾಡಿದ್ದಾರಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

“ತಗೊಂಡೋಗಪ್ಪಾ,” ಎಂದರು ಅಜ್ಜಿ. “ಕಿವಿ ಉಳೀತಲ್ಲ, ಅಷ್ಟೇ ಸಾಕು.”

ತೊಳೆದ ಪುಸ್ತಕ

ತೊರಪಲ್ಲಿ ಕಡೆಯ ರೈತರೊಬ್ಬರು ತಾವಾಗಿಯೇ ಫೋನ್ ಮಾಡಿ ಕರೆದರು. ದೇವರ ಗೂಡಿನಿಂದ ಒಂದು ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಅರಿಶಿನ ಕುಂಕುಮದಲ್ಲಿ ಮುಳುಗಿದ್ದ ಅದು ಇಟ್ಟಿಗೆಯಷ್ಟು ಗಟ್ಟಿಯಾಗಿತ್ತು. ಒಂದು ಹಾಳೆಯೂ ಬಿಡಿಸಲು ಬರಲಿಲ್ಲ.

“ಆಯುಧಪೂಜೆಗೆ ಗುದ್ಲಿ, ಮಚ್ಚು, ಟ್ರಾಕ್ಟರ್ ಜೊತೇಲಿ ಇದ್ನೂ ತೊಳೀತೀವಿ ಸಾರ್,” ಎಂದರು ಹೆಮ್ಮೆಯಿಂದ. “ಒಂದ್ ವರ್ಷಾನೂ ತಪ್ಸಿಲ್ಲ.”

“ಒಳಗೆ ಏನು ಬರೆದಿತ್ತು?”

“ಅದು ನಮ್ ತಾತಂಗೆ ಗೊತ್ತಿತ್ತು ಸಾರ್. ನಮ್ದು ತೊಳೆಯೋದು ಮಾತ್ರ.”

ಬೋರ್ಡು

ಅಜ್ಜಿಯ ಓಲೆಕಟ್ಟನ್ನು ನಡುವಿನ ಮೇಜಿನ ಮೇಲಿಟ್ಟೆ. ಬಂದವರೆಲ್ಲ ತಿವಿದು ನೋಡುತ್ತಿದ್ದರು. ‘ಮುಟ್ಟಬೇಡಿ’ ಎಂದು ಬೋರ್ಡು ಬರೆಸಲು ಹೊಸೂರಿನ ಪೇಂಟರ್ ಒಬ್ಬರನ್ನು ಕರೆಸಿದೆ. ಅವರಿಗೆ ಕನ್ನಡ ಓದಲು ಬಾರದು. ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚಿತ್ರದ ಹಾಗೆ ನೋಡಿ ಬಿಡಿಸಿದರು. “ಎಳುತ್ತು ಅಳಗಾ ಇರಣುಂ ಸಾರ್,” ಅಕ್ಷರ ಚೆಂದ ಇರಬೇಕು ಎನ್ನುತ್ತಾ ಅಲ್ಲಲ್ಲಿ ಕುಂಚ ತಿರುಗಿಸಿ ಅಂದ ಹೆಚ್ಚಿಸಿದರು. ದೂರದಿಂದ ನೋಡಿ ನಾನೂ ಭೇಷ್ ಎಂದೆ.

ಬೋರ್ಡು ಬಂದ ಮೇಲೂ ಎಲ್ಲರೂ ಮುಟ್ಟಿದರು. ಓದಲು ಬಂದರೆ ತಾನೇ? ಒಬ್ಬರಂತೂ ಪುಸ್ತಕಗಳನ್ನೆಲ್ಲ ಬಿಟ್ಟು ಬೋರ್ಡಿನ ಮುಂದೆಯೇ ನಿಂತರು.

“ಇದು ಎಷ್ಟು ವರ್ಷ ಹಳೇದು ಸಾರ್?”

“ಹೋದ ತಿಂಗಳದ್ದು.”

“ಹಾಗೆ ಕಾಣಲ್ಲ,” ಎಂದು ಫೋಟೋ ಹೊಡೆದುಕೊಂಡು ಹೋದರು.

ಓದಲು ಬಂದವರು

ಕಡೆಗೆ ಒಂದು ದಿನ ಶಾಲೆಯ ಈಗಿನ ಹೆಡ್‌ಮಾಸ್ಟರು ಬಂದರು. ಒಳ್ಳೆಯವರೇ, ತಮಿಳಿನವರು, ನನ್ನ ಜೊತೆ ಕಷ್ಟಪಟ್ಟು ಕನ್ನಡ ಮಾತಾಡುವವರು.

“ಸಾರ್, ಮುರಿದ ಬೆಂಚ್ ಇಡಕ್ಕೆ ಜಾಗ ಇಲ್ಲ. ಕನ್ನಡ ಓದೋರು ಒಬ್ಬರನ್ನಾದ್ರೂ ತೋರ್ಸಿ, ರೂಮ್ ನಿಮಗೇ. ಇಲ್ಲಾಂದ್ರೆ ಸೋಮವಾರ ಖಾಲಿ ಮಾಡಿ.”

“ನಾನಿದ್ದೀನಲ್ಲ?”

“ನೀವು ಲೆಕ್ಕಕ್ಕಿಲ್ಲ ಸಾರ್.”

ನನ್ನ ಹಳೆ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿದೆ. ಕೆಲವರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಒಬ್ಬ ಮಾತ್ರ ನಿಜ ಹೇಳಿದ: “ಅ ಆ ಇ ಈ ಬತ್ತದೆ ಸಾರ್, ಮುಂದುಕ್ಕೆ ಮರ್ತೋಗ್ಬುಡ್ತು.” ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವನಿಗೆ ಕಲಿಸಿದವನು ನಾನೇ.

ಸೋಮವಾರ ಹೆಡ್‌ಮಾಸ್ಟರು ಬೆಂಚುಗಳ ಸಮೇತ ಬಾಗಿಲಲ್ಲಿ ನಿಂತಿದ್ದಾಗ ನಾಟ್ರಾಂಪಾಳ್ಯದ ಅಜ್ಜಿ ಬಂದರು. ಹೊಸೂರಿನ ಕಣ್ಣಾಸ್ಪತ್ರೆಗೆ ಬಂದಿದ್ದರಂತೆ. ಮೂಗಿನ ಮೇಲೆ ಹೊಸ ಕನ್ನಡಕ. ನೇರ ಮೇಜಿನ ಹತ್ತಿರ ಹೋಗಿ, ಬೋರ್ಡು ನೋಡಿ, ಗಟ್ಟಿಯಾಗಿ ಅಕ್ಷರ ಕೂಡಿಸಿದರು: “ಮು...ಟ್ಟಿ... ಬೇ...ಡಿ.”

“ಪಡಿಚ್ಚಿಟ್ಟಾಂಗ! ಓದಿಬಿಟ್ರು!” ಎಂದರು ಹೆಡ್‌ಮಾಸ್ಟರು.

ಅಜ್ಜಿ ಓಲೆಕಟ್ಟನ್ನು ಎರಡೂ ಕೈಯಲ್ಲಿ ಮುಟ್ಟಿ, ಕಣ್ಣು ಮುಚ್ಚಿ, ಬೇಡಿಕೊಳ್ಳತೊಡಗಿದರು.

ನಾನು ಬೋರ್ಡು ನೋಡಿದೆ. ಪೇಂಟರ್ ಅಂದಕ್ಕೆಂದು ತಿರುಗಿಸಿದ ಕುಂಚ ‘ಟ್ಟ’ದ ತಲೆಯ ಮೇಲೆ ಗುಡಿಸಾಗಿ ಕೂತಿತ್ತು. ಮುಟ್ಟಿ ಬೇಡಿ. ಅಷ್ಟು ದಿನ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ ಕನ್ನಡ ಮೇಷ್ಟ್ರು ಒಂದು ಸಲವೂ ಓದಿರಲಿಲ್ಲ.

“ಸರಿಯಾಗಿ ಓದಿದ್ರಾ ಸಾರ್?”

“ಒಂದಕ್ಷರ ತಪ್ಪಿಲ್ಲ,” ಎಂದೆ, ನೆಲ ನೋಡುತ್ತಾ.

ಬೆಂಚುಗಳು ವಾಪಸು ಹೋದವು. ಅಜ್ಜಿಯ ಕಾಲಿಗೆ ಬೀಳಬೇಕೆನಿಸಿತು. “ಏನು ಬೇಡ್ಕೊಂಡ್ರಿ ಅಜ್ಜಿ?” ಎಂದೆ.

“ಈ ಮೇಷ್ಟ್ರಿಗೆ ಒಳ್ಳೆ ಬುದ್ಧಿ ಕೊಟ್ಟು ನಮ್ ಗರಿ ಕಟ್ಟು ವಾಪಸ್ ಕೊಡ್ಸಪ್ಪಾ ಅಂತ. ಮಂಚದ ಕಾಲಿಗೆ ಒತ್ತು ಕೊಟ್ಟಿದ್ದೆ. ತೆಗೆದಾಗ್ನಿಂದ ಮಂಚ ಒಂದ್ ಕಡೆ ವಾಲ್ತದೆ, ನಿದ್ದೇನೇ ಬರಾಕಿಲ್ಲ.”

ಕಟ್ಟು ಕೊಟ್ಟರೆ ಸಂಗ್ರಹಾಲಯಕ್ಕೆ ಬಂದವರು ನೋಡುವಂಥದ್ದು ಇನ್ನೇನೂ ಉಳಿಯುತ್ತಿರಲಿಲ್ಲ. ಬೀರು ತೆಗೆದೆ. ಈ ಸೀಮೆಯ ಹಳೆ ಪುಸ್ತಕಗಳ ಬಗ್ಗೆ ಆರು ವರ್ಷ ಒದ್ದಾಡಿ ನಾನೇ ಬರೆದು ಅಚ್ಚು ಹಾಕಿಸಿದ ಪುಸ್ತಕದ ಕಟ್ಟುಗಳು ದಾರ ಬಿಚ್ಚದೆ ಅಲ್ಲೇ ಇದ್ದವು. ಒಂದು ಪ್ರತಿ ತೆಗೆದು ಅಜ್ಜಿಯ ಕೈಗಿಟ್ಟೆ. ಅವರು ತೆರೆಯಲಿಲ್ಲ. ಎರಡು ಬೆರಳಲ್ಲಿ ದಪ್ಪ ಅಳೆದರು.

“ತೆಳ್ಳಗದೆ. ನಾಲ್ಕು ಕೊಡಪ್ಪಾ.”

ಒಬ್ಬರೇ ನಾಲ್ಕು ಪ್ರತಿ ಕೇಳಿದ್ದು ಅದೇ ಮೊದಲು. ಅಭ್ಯಾಸವಿಲ್ಲದ ಬಾಯಿಗೆ ಅದೂ ಬಂದುಬಿಟ್ಟಿತು: “ಸಹಿ ಹಾಕ್ಕೊಡ್ಲಾ ಅಜ್ಜಿ?”

“ಹಾಕು ಹಾಕು,” ಎಂದರು ಅಜ್ಜಿ. “ದಪ್ಪ ಆಯ್ತದಾ?”